ಪ್ಯಾಕಣ್ಣ ಎಲೆ ಕೂಗದ ಭಾನುವಾರ

1

ಈ ಕಥೆಯನ್ನು ಇಸ್ಪೀಟಿನ ಎಲೆ ಕಲೆಸುವುದರಿಂದ ಶುರು ಮಾಡಬೇಕೋ, ಹಂಚುವುದರಿಂದಲೋ ಎಂದು ತೀರ್ಮಾನಿಸಲಾಗದೆ ನಾಲ್ಕು ದಿನ ಕಳೆದವು. ಕಲೆಸುವುದರಿಂದ ಶುರು ಮಾಡಿದರೆ ನೀವು, "ಇವನು ಬರೀ ಕೈಚಳಕ ತೋರಿಸ್ತಿದ್ದಾನೆ, ಕಥೆ ಎಲ್ಲಿ?" ಎನ್ನುತ್ತೀರಿ. ಹಂಚುವುದರಿಂದ ಶುರು ಮಾಡಿದರೆ ಯಾರಿಗೆ ಹಂಚುತ್ತಿದ್ದೇನೆ ಎಂದು ಮೊದಲು ಹೇಳಬೇಕಾಗುತ್ತದೆ. ಹೇಳಲು ಹೊರಟರೆ ಅವರ ಊರು, ಕೇರಿ, ಹಿಂದಿನವರು ಮುಂದಿನವರು ಎಲ್ಲ ಬಂದು ಕೂರುತ್ತಾರೆ. ನನ್ನ ಮೇಜು ಅಷ್ಟು ದೊಡ್ಡದಲ್ಲ.

ಐದನೆಯ ದಿನ ಬೆಳಿಗ್ಗೆ ಹಲ್ಲುಜ್ಜುವಾಗ ಒಂದು ವಾಕ್ಯ ಹೊಳೆಯಿತು: "ಹನ್ನೊಂದು ವರ್ಷದಲ್ಲಿ ಪ್ಯಾಕಣ್ಣ ಒಮ್ಮೆಯೂ ಸುಳ್ಳು ಆಟ ಆಡಿದವನಲ್ಲ." ಬಾಯಿ ಮುಕ್ಕಳಿಸಿ ಬಂದು ಬರೆದಿಟ್ಟೆ. ಪರವಾಗಿಲ್ಲ, ನಿಲ್ಲುವ ವಾಕ್ಯ. ಇದನ್ನೇ ಮೊದಲನೆಯದು ಎಂದುಕೊಳ್ಳಿ. ಮೇಲಿನದನ್ನು ಓದಲೇ ಇಲ್ಲ ಎಂದುಕೊಳ್ಳಿ.

(ಇನ್ನೊಂದನ್ನು ಈಗಲೇ ಒಪ್ಪಿಕೊಂಡುಬಿಡುತ್ತೇನೆ. ಪೋಕರ್ ಬಗ್ಗೆ ನನ್ನ ಜ್ಞಾನ ಅಷ್ಟಕ್ಕಷ್ಟೇ. ಫೋನಿಗೆ ಒಂದು ಆಟ ಇಳಿಸಿಕೊಂಡು, ಟೋಪಿ ತೊಟ್ಟ ಬೊಂಬೆಯೊಂದರ ಎದುರು ಮೂರು ವಾರ ಆಡಿದೆ. ಬೊಂಬೆ ಗೆದ್ದಿತು. ಗೆದ್ದಾಗಲೆಲ್ಲ ಟೋಪಿ ಎತ್ತಿ ತಲೆ ಬಾಗಿಸುತ್ತಿತ್ತು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.)

2

ಪ್ಯಾಕಣ್ಣನದು ಕನ್ನಡಕದ ಅಂಗಡಿ. ಅಪ್ಪ ಇಟ್ಟದ್ದು, ಇವನು ನಡೆಸಿಕೊಂಡು ಬಂದದ್ದು. ಮುಂದೆ ಗಾಜಿನ ಕಪಾಟು, ಅದರಲ್ಲಿ ಇನ್ನೂ ಮೂಗು ಕಾಣದ ಫ್ರೇಮುಗಳು. ನಡುವೆ ಪರೀಕ್ಷೆಯ ಕುರ್ಚಿ, ಎದುರು ಗೋಡೆಗೆ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಅಕ್ಷರಗಳ ಫಲಕ, ಅದೂ ಅಪ್ಪನ ಕಾಲದ್ದೇ. ಹಿಂದುಗಡೆ ಗಾಜು ಉಜ್ಜುವ ಯಂತ್ರದ ಕೋಣೆ. ಭಾನುವಾರ ಮಧ್ಯಾಹ್ನ ಮೂರಕ್ಕೆ ಯಂತ್ರಕ್ಕೆ ಬಟ್ಟೆ ಹೊದಿಸಿ ಮೇಜನ್ನು ನಡುವಿಗೆ ಎಳೆದರೆ ಅದೇ ಆಟದ ಕೋಣೆ.

ಆಡುವವರು ನಾಲ್ವರು. ಒಬ್ಬ ಪ್ಯಾಕಣ್ಣ. ಇನ್ನೊಬ್ಬರು ಡ್ರಿಲ್ ಮೇಷ್ಟ್ರು. ನಿವೃತ್ತರಾಗಿ ಆರು ವರ್ಷವಾದರೂ ಕೊರಳಿನ ಸೀಟಿ, ಅದರ ಸರಪಳಿ ಇಳಿಸಿಲ್ಲ. ಮೂರನೆಯವರು ಎದುರು ಸಾಲಿನ ಔಷಧದ ಅಂಗಡಿಯವರು, ಎಲ್ಲರ ಬಾಯಲ್ಲೂ ಮೆಡಿಕಲ್ ಮೇಡಂ. ನಾಲ್ಕನೆಯವಳು ಅಕ್ಕ. ಪ್ಯಾಕಣ್ಣನ ಒಡಹುಟ್ಟಿದವಳು, ಐದು ವರ್ಷ ದೊಡ್ಡವಳು. ಆದರೆ ಮೇಷ್ಟ್ರಿಗೂ ಮೇಡಂಗೂ ಇಡೀ ಬೀದಿಗೂ ಅವಳು ಅಕ್ಕನೇ. ಅವಳು ಓಡಿಸುವ ಶಾಲೆಯ ವ್ಯಾನಿನ ಹದಿನಾಲ್ಕು ಮಕ್ಕಳಿಗೂ ಅಕ್ಕನೇ. ಗಂಡ ತೀರಿಕೊಂಡ ವರ್ಷ ಸ್ಟಿಯರಿಂಗ್ ಹಿಡಿದವಳು, ಇಪ್ಪತ್ತೆರಡು ವರ್ಷವಾಯಿತು, ಬಿಟ್ಟಿಲ್ಲ.

ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಪ್ರತಿಯೊಬ್ಬರ ಕೈಗೂ ಗುಟ್ಟಾಗಿ ಎರಡೆರಡು ಎಲೆ. ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆ ಒಂದಾದ ಮೇಲೊಂದು ಬಿಚ್ಚಿಕೊಳ್ಳುತ್ತವೆ. ಎರಡನ್ನೂ ಐದನ್ನೂ ಕೂಡಿಸಿ ಯಾರ ಜೋಡಣೆ ದೊಡ್ಡದೋ ಅವರು ಗೆದ್ದಂತೆ. ನಡುನಡುವೆ ಪಣ ಏರಿಸಬಹುದು, ಇನ್ನೊಬ್ಬರು ಏರಿಸಿದಷ್ಟನ್ನೇ ಇಟ್ಟು 'ನೋಡ್ತೀನಿ' ಎಂದು ಎದುರಿಸಬಹುದು, ಬೇಡವೆಂದರೆ ಎಲೆ ಮಗುಚಿ 'ಪ್ಯಾಕ್' ಎನ್ನಬಹುದು. ಎಲೆ ಕೆಟ್ಟದಿದ್ದೂ ಭಾರಿ ಇದ್ದಂತೆ ಏರಿಸಿ ಉಳಿದವರನ್ನು ಹೆದರಿಸಿ ಓಡಿಸುವುದೂ ಉಂಟು. ಅದು ಬ್ಲಫ್, ಇವರ ಮಾತಿನಲ್ಲಿ ಸುಳ್ಳು ಆಟ. ಪಣವೆಂದರೆ ಗೀರು ಬಿದ್ದು ಯಾರಿಗೂ ಬೇಡವಾದ ಕನ್ನಡಕದ ಗಾಜುಗಳು. ಬಿಳಿಯದು ಒಂದಕ್ಕೆ, ಕಂದು ಬಣ್ಣದ್ದು ಹತ್ತಕ್ಕೆ. ಕೊನೆಗೆ ಯಾರ ಮುಂದೆ ಗಾಜು ಕಡಿಮೆಯೋ ಅವರು ಚಹಾದ ಲೋಟ ತೊಳೆಯಬೇಕು.

ಹನ್ನೊಂದು ವರ್ಷ ಆ ಲೋಟಗಳನ್ನು ಹೆಚ್ಚುಕಡಿಮೆ ಒಬ್ಬನೇ ತೊಳೆದವನು ಪ್ಯಾಕಣ್ಣ. ಕೈಗೆ ಎಕ್ಕ ಬಂದರೂ ಅನುಮಾನ, ಜೊತೆಗೆ ರಾಜ ಬಂದರೆ ಇನ್ನೂ ಅನುಮಾನ. ಹಿಂದೆ ಮುಂದೆ ನೋಡುತ್ತಾನೆ, ಒಂದು ಉಸಿರು ಬಿಡುತ್ತಾನೆ, ಪ್ಯಾಕ್. ಅವನ ನಿಜವಾದ ಹೆಸರು ಅಂಗಡಿಯ ಬೋರ್ಡಿನಲ್ಲಿ ಮಾತ್ರ ಉಳಿದಿದೆ.

ಇನ್ನೊಂದು ಪದ್ಧತಿಯಿದೆ. ನಡುವಿನ ಎಲೆ ಬಿಚ್ಚುವವರು ಪ್ರತಿ ಎಲೆಯನ್ನೂ ಗಟ್ಟಿಯಾಗಿ ಕೂಗಬೇಕು: "ಆಠೀನ್ ಒಂಬತ್ತು! ಕಳಾವರ್ ನಾಲ್ಕು!" ಮೇಷ್ಟ್ರು ಮಾಡಿದ ನಿಯಮ, ಮೈದಾನದಲ್ಲಿ ಹಾಜರಿ ಕೂಗಿದ ಚಟ. (ಇದನ್ನು ನೆನಪಿಟ್ಟುಕೊಳ್ಳಿ ಎಂದು ಬಾಯಿಬಿಟ್ಟು ಹೇಳುವುದು ಕಥೆಗಾರನಾದವನಿಗೆ ಶೋಭಿಸುವುದಿಲ್ಲ. ಆದರೂ ನೆನಪಿಟ್ಟುಕೊಳ್ಳಿ.)

4

(ಮೂರನೆಯದನ್ನು ಹರಿದು ಹಾಕಿದೆ. ಅದರಲ್ಲಿ ಕೋಣೆಯ ತುಂಬ ಸಿಗರೇಟಿನ ಹೊಗೆ ಇತ್ತು, ನೆತ್ತಿಯ ಮೇಲೆ ಒಂಟಿ ದೀಪ ತೂಗುತ್ತಿತ್ತು, ಮೇಜಿನ ಮೇಲೆ ಒಂದು ಚಾಕು ಥಳಥಳ ಹೊಳೆಯುತ್ತಿತ್ತು. ಪ್ಯಾಕಣ್ಣ ಓದಿ ಮುಖ ಕಿವುಚಿದ.

"ಸಾರ್, ಆ ಚಾಕು ಬಿಸ್ಕತ್ ಪ್ಯಾಕೆಟ್ ಕತ್ತರಿಸೋಕೆ ಇಟ್ಟಿರೋದು. ಮೇಡಂ ಎದುರಿಗೆ ಯಾರೂ ಸಿಗರೇಟ್ ಸೇದಲ್ಲ, ಶ್ವಾಸಕೋಶದ ಬಗ್ಗೆ ಅರ್ಧ ಗಂಟೆ ಪಾಠ ಮಾಡ್ತಾರೆ."

"ಸ್ವಲ್ಪ ವಾತಾವರಣ ಇರ್ಲಿ ಅಂತ..."

"ಮಧ್ಯಾಹ್ನ ಮೂರು ಗಂಟೆಗೆ ಎಂಥ ವಾತಾವರಣ ಸಾರ್?"

ನನ್ನ ಪಾತ್ರಗಳು ನನಗಿಂತ ಬುದ್ಧಿವಂತರಾಗಿರುವುದು ಇದು ಮೊದಲ ಸಲವಲ್ಲ.)

ಈಗ ಓಘದ, ಅಂದರೆ ಬಿಡದೆ ಗೆಲ್ಲುತ್ತ ಹೋಗುವುದರ ವಿಷಯ. ಅಕ್ಕ ಮೊದಲಿನಿಂದ ಲೆಕ್ಕದ ಆಟಗಾರ್ತಿ. ನೂರಕ್ಕೆ ಎಂಬತ್ತು ಖಾತ್ರಿಯಿದ್ದರೆ ಮಾತ್ರ ಗಾಜು ಮುಂದಿಡುವವಳು. ಅಂಥವಳು ಇದ್ದಕ್ಕಿದ್ದ ಹಾಗೆ ಒಂದು ಭಾನುವಾರ ಬೇರೆಯೇ ಹೆಂಗಸಾದಳು. ಎಲೆಯ ಮೂಲೆ ಎತ್ತಿ ಹಾಗೊಮ್ಮೆ ನೋಡಿದಂತೆ ಮಾಡುವುದು, ಕಂದು ಗಾಜುಗಳನ್ನೇ ತಳ್ಳುವುದು, ಉಳಿದವರು ಬೆಪ್ಪಾಗಿ ಮಗುಚುವುದು. ಯಾರಾದರೂ ಕೊನೆತನಕ ಬಂದರೆ ಎಲೆಗಳನ್ನು ಮೇಲ್ಮುಖವಾಗಿ ಎಸೆದು, "ನೀವೇ ನೋಡ್ಕೊಳ್ಳಿ" ಎನ್ನುವುದು. ಮುಂಚೆಯಾದರೆ ತನ್ನ ಎಲೆಗಳನ್ನು ತಾನೇ ರಾಗವಾಗಿ ಓದಿ ಹೇಳಿ, ಎದುರಿನವರ ಹೊಟ್ಟೆ ಉರಿಸಿ, ಆಮೇಲೆ ಗಾಜು ಬಾಚಿಕೊಳ್ಳುತ್ತಿದ್ದಳು.

ಒಂಬತ್ತು ಭಾನುವಾರ ಸತತವಾಗಿ ಅವಳೇ ಗೆದ್ದಳು.

"ಇದಕ್ಕೇ ಓಘ ಅನ್ನೋದು," ಎಂದರು ಮೇಷ್ಟ್ರು. "ರಿಲೇಲಿ ನೋಡಿದೀನಿ. ಒಬ್ಬ ಹಿಡಿತಕ್ಕೆ ಬಂದ ಅಂದ್ರೆ ಕಾಲು ತಾನಾಗೇ ಓಡುತ್ತೆ."

"ಎಲೆಗೆ ಹೋದ ವಾರದ್ದು ನೆನಪಿರಲ್ಲ ಮೇಷ್ಟ್ರೇ," ಎಂದರು ಮೇಡಂ, ಬಿಸ್ಕತ್ ಅಗಿಯುತ್ತ. "ಪ್ರತಿ ಸಲ ಹೊಸದಾಗಿ ಕಲೆಸ್ತೀವಿ. ಓಘ ಎಲ್ಲಿಂದ ಬರುತ್ತೆ?"

"ಮತ್ತೆ ನೀವ್ಯಾಕೆ ಆಗ್ಲೇ ಪ್ಯಾಕ್ ಅಂದ್ರಿ? ಕೈಲಿ ಜೋಡಿ ಇಟ್ಕೊಂಡು?"

ಮೇಡಂ ಇನ್ನೊಂದು ಬಿಸ್ಕತ್ ಎತ್ತಿಕೊಂಡರು. ಉತ್ತರ ಮೇಜಿನ ಮೇಲೇ ಇತ್ತು. ಓಘವಿದ್ದದ್ದು ಅಕ್ಕನ ಎಲೆಗಳಲ್ಲಲ್ಲ, ಇವರ ಮೂವರ ಹೆದರಿಕೆಯಲ್ಲಿ. ಅವಳು ಗೆಲ್ಲುತ್ತಾಳೆ ಎಂದು ಇವರು ಮಗುಚುತ್ತಿದ್ದರು, ಇವರು ಮಗುಚುತ್ತಿದ್ದರಿಂದ ಅವಳು ಗೆಲ್ಲುತ್ತಿದ್ದಳು. (ಈ ಮಾತು ಬರೆದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಆಮೇಲೆ ನೆನಪಾಯಿತು, ಟೋಪಿಯ ಬೊಂಬೆಗೆ ನಾನೂ ಹೀಗೆಯೇ ಮಗುಚುತ್ತಿದ್ದೆ.)

5

ಆರನೆಯ ಭಾನುವಾರದ ಹೊತ್ತಿಗೆ ಪ್ಯಾಕಣ್ಣನಿಗೂ ಆಸೆ ಹುಟ್ಟಿತು. ಅಕ್ಕನಿಗೆ ಐವತ್ತೆಂಟರಲ್ಲಿ ಸ್ಟೈಲ್ ಬದಲಾಯಿಸಲು ಸಾಧ್ಯವಾದರೆ ತನಗೇಕೆ ಆಗದು? ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು "ಎಲ್ಲ ಇಟ್ಟೆ!" ಎಂದು ಮೂರು ಸಲ ಹೇಳಿಕೊಂಡ. ಮೂರನೆಯ ಸಲ ಹೆಂಡತಿ ಒಳಗಿನಿಂದ, "ಎಲ್ಲಿಟ್ರಿ?" ಎಂದು ಕೇಳಿದಳು.

ಅಂದು ಎರಡನೆಯ ಸುತ್ತಿನಲ್ಲೇ ರಾಜರ ಜೋಡಿ ಹಿಡಿದು ಏರಿಸಿದ, ಮತ್ತೆ ಏರಿಸಿದ, ಕೆನ್ನೆ ಕೆಂಪಾಯಿತು, ಕಿವಿ ಬಿಸಿಯಾಯಿತು. ಮೇಷ್ಟ್ರು ಮೂರು ಎಂಟುಗಳನ್ನು ತೋರಿಸಿ ಎಲ್ಲ ಬಾಚಿಕೊಂಡರು. ಹದಿನೆಂಟು ನಿಮಿಷಕ್ಕೆ ಪ್ಯಾಕಣ್ಣನ ಮುಂದೆ ಮೇಜಿನ ಮರವಷ್ಟೇ ಉಳಿದಿತ್ತು. ಲೋಟ ತೊಳೆಯಲು ಆವತ್ತು ಬೇಗ ಬಿಡುವಾಯಿತು.

ಆಮೇಲೆ ಫೋನಿನಲ್ಲಿ ಪಾಠ ಹುಡುಕಿದ. ತಲೆ ಬೋಳಿಸಿಕೊಂಡ ಒಬ್ಬ ಮಹಾಶಯ ಹೇಳುತ್ತಿದ್ದ: ನಿನ್ನ ಎಲೆ ನೋಡಿಕೊಂಡು ಕೂರಬೇಡ, ಎದುರಾಳಿಯ ಕಣ್ಣು ನೋಡು. ಪ್ಯಾಕಣ್ಣನಿಗೆ ನಗು ಬಂತು. ಮೂವತ್ತು ವರ್ಷದಿಂದ ಬೇರೆಯವರ ಕಣ್ಣು ನೋಡಿಯೇ ಅವನು ಅನ್ನ ತಿಂದಿರುವುದು. ಇಷ್ಟು ಸುಲಭವೆಂದು ಮೊದಲೇ ಯಾರಾದರೂ ಹೇಳಬಾರದಿತ್ತೇ?

ಒಂಬತ್ತನೆಯ ಭಾನುವಾರ ಅವನು ಅಕ್ಕನ ಕಣ್ಣು ನೋಡಿದ.

ಎಲೆ ಓದುವ ಕಣ್ಣು ಎಲೆಯ ಮೇಲೆ ನಿಲ್ಲುತ್ತದೆ, ಸಣ್ಣಗೆ ಆಡುತ್ತದೆ, ಗುರುತು ಸಿಕ್ಕ ಕೂಡಲೇ ಬಿಡುತ್ತದೆ. ಅಕ್ಕನ ಕಣ್ಣು ಎಲೆಯ ಪಕ್ಕದಲ್ಲೆಲ್ಲೋ, ಮೇಜಿನ ಅಂಚಿನಲ್ಲಿ ನಿಂತಿತ್ತು. ತಲೆ ತುಸು ಓರೆ. ಆ ಓರೆ ಅವನಿಗೆ ಚೆನ್ನಾಗಿ ಗೊತ್ತು. ನೋಟದ ನಡುಭಾಗ ಮಬ್ಬಾದವರು ಪರೀಕ್ಷೆಯ ಕುರ್ಚಿಯಲ್ಲಿ ಹೀಗೆಯೇ ಕೂರುತ್ತಾರೆ. ನಡುವೆ ಕಾಣದ್ದನ್ನು ಅಂಚಿನಿಂದ ಹಿಡಿಯಲು ನೋಡುತ್ತಾರೆ.

ಅವಳಿಗೆ ತನ್ನ ಎಲೆ ಯಾವುದೆಂದು ಗೊತ್ತಿರಲಿಲ್ಲ. ನಡುವಿನ ಎಲೆಗಳನ್ನು ಯಾರಾದರೂ ಕೂಗುತ್ತಿದ್ದರು, ಅದು ಗೊತ್ತಿತ್ತು. ಕೈಯಲ್ಲಿದ್ದ ಎರಡು ಮಾತ್ರ ಅವಳಿಗೆ ಬಿಳಿಯ ಕಾಗದ. ಒಂಬತ್ತು ವಾರ ಹಾಗೆಯೇ ಆಡಿ ಗೆದ್ದಿದ್ದಳು.

ಪ್ಯಾಕಣ್ಣನ ಎದುರು ಬಿಡಿಬಿಡಿಯಾಗಿದ್ದ ಸಂಗತಿಗಳೆಲ್ಲ ಬಂದು ಸಾಲಾಗಿ ನಿಂತವು. ಶಾಲೆಯ ಗೇಟಿನ ಕಂಬಕ್ಕೆ ತಾಗಿ ವ್ಯಾನಿನ ಎಡಗನ್ನಡಿ ಒಡೆದಾಗ, "ಆ ಕಂಬನ ಯಾರೋ ಮುಂದಕ್ಕೆ ಹಾಕಿದಾರೆ ಕಣೋ" ಎಂದು ನಗಿಸಿದ್ದಳು. ಮತ್ತೆ ನಾಲ್ಕು ತಿಂಗಳ ಹಿಂದೆ, ಡ್ರೈವರುಗಳ ವಾರ್ಷಿಕ ಕಣ್ಣಿನ ಚೀಟಿಗೆಂದು ಇದೇ ಕುರ್ಚಿಯಲ್ಲಿ ಕೂತಿದ್ದಳು. ಫಲಕದ ಕೊನೆಯ ಸಾಲನ್ನು ಅವನು ದೀಪ ಹಾಕುವುದಕ್ಕೂ ಮುಂಚೆ ಪಟಪಟ ಓದಿ ಮುಗಿಸಿದ್ದಳು. ಓದಳೇ ಮತ್ತೆ? ಅಪ್ಪನ ಅಂಗಡಿಯಲ್ಲಿ ಆಡಿ ಬೆಳೆದವಳು. ಆ ಫಲಕ ಅವಳಿಗೆ ಮಗ್ಗಿಗಿಂತ ಮೊದಲು ಬಾಯಿಪಾಠ. ಅವನು ಆಗ ನಕ್ಕಿದ್ದ. ನಗುತ್ತಲೇ 'ಎರಡೂ ಕಣ್ಣು ಸರಿಯಿವೆ' ಎಂದು ಬರೆದು ಸಹಿ ಹಾಕಿದ್ದ.

ಹದಿನಾಲ್ಕು ಮಕ್ಕಳು. ಸಹಿ ಅವನದು.

5 (ಇನ್ನೂ ಮುಗಿದಿಲ್ಲ)

ಇಲ್ಲಿಗೆ ಬರುವ ಹೊತ್ತಿಗೆ ಅಕ್ಕ ನನ್ನ ಎದುರು ಬಂದು ಕೂತಳು. ಪ್ಯಾಕಣ್ಣನ ಎದುರಲ್ಲ, ನನ್ನ ಎದುರು.

"ಬರೀತಿರೋನು ನೀನೇ ತಾನೆ?"

"ಹೌದಕ್ಕಾ."

"ನನ್ನ ಕಣ್ಣಿಗೆ ಇದನ್ನ ತಂದು ಹಾಕಿದ್ದೂ ನೀನೇ ತಾನೆ?"

"ಕಥೆಗೆ ಬೇಕಿತ್ತು..."

"ಬೇಕಿದ್ರೆ ನಿನ್ನ ಕಣ್ಣು ಹಾಕ್ಕೋಬೇಕಿತ್ತು. ನನ್ನದೇ ಬೇಕಿತ್ತಾ? ಒಂದು ಪ್ಯಾರಾ ಹೊಡೆದು ಹಾಕಪ್ಪ. ನಾಳೆ ಎದ್ದಾಗ ಎಲ್ಲ ನಿಚ್ಚಳವಾಗಿರುತ್ತೆ. ನಿನ್ನ ಗಂಟೇನು ಹೋಗುತ್ತೆ?"

ನನ್ನ ಗಂಟೇನೂ ಹೋಗುವುದಿಲ್ಲ. ಇದು ನಿಜ, ನಾಚಿಕೆಯಾದರೂ ಹೇಳುತ್ತೇನೆ. ಒಬ್ಬ ಹೆಂಗಸಿನ ದೃಷ್ಟಿ ಕಿತ್ತುಕೊಂಡು, 'ಆಹಾ, ಕಥೆಗೆ ತಿರುವು ಸಿಕ್ಕಿತು' ಎಂದು ಚಹಾ ಕುಡಿದಿದ್ದೆ. ಆ ಪ್ಯಾರಾವನ್ನು ಅಳಿಸಿದೆ. ಅಳಿಸಿ, ಉಳಿದದ್ದನ್ನು ಅವಳಿಗೇ ಓದಿ ಹೇಳಿದೆ. ಅವಳು ಕೈಕಟ್ಟಿ ಕೇಳಿಸಿಕೊಂಡಳು.

"ಸರಿ. ಹಾಗಾದ್ರೆ ಒಂಬತ್ತು ವಾರ ನಾನು ಗೆದ್ದಿದ್ದು?"

"ಅದು ಬರೀ ಅದೃಷ್ಟ ಅಂತಾಗುತ್ತೆ. ಒಳ್ಳೊಳ್ಳೆ ಎಲೆ ಬಂದ್ವು, ನೀನು ಗೆದ್ದೆ."

ಅವಳು ಕಟ್ಟಿದ್ದ ಕೈ ಬಿಚ್ಚಿದಳು.

"ಅದೃಷ್ಟ ಅಲ್ಲ ಕಣೋ ಅದು. ನಾನು ಆಡಿದ್ದು. ಮೇಷ್ಟ್ರಿಗೆ ಎದೆ ಡವಗುಟ್ಟಿದ್ರೆ ಸೀಟಿ ಮುಟ್ಕೋತಾರೆ, ಸರಪಳಿ ಸದ್ದಾಗುತ್ತೆ. ಮೇಡಂಗೆ ಏನಾದ್ರೂ ಜೋರಾಗಿ ತಟ್ಟಿದ್ರೆ ಬಿಸ್ಕತ್ ಅಗಿಯೋದು ನಿಲ್ಲಿಸ್ತಾರೆ. ನನ್ನ ತಮ್ಮ ಪ್ಯಾಕ್ ಅನ್ನೋಕೆ ಮುಂಚೆ ಉಸಿರು ಬಿಡ್ತಾನೆ, ಪಾಪ, ಚಿಕ್ಕೋನಾಗಿದ್ದಾಗಿಂದಲೂ ಹಾಗೇ. ಕಣ್ಣು ಚೆನ್ನಾಗಿದ್ದಾಗ ಇದ್ಯಾವುದೂ ನಂಗೆ ಕೇಳಿಸ್ತಿರಲಿಲ್ಲ. ಇಷ್ಟು ಚೆನ್ನಾಗಿ ನಾನು ಜನ್ಮದಲ್ಲಿ ಆಡಿರಲಿಲ್ಲ."

ಎದ್ದು ನಿಂತಳು. ಬಾಗಿಲ ಚೌಕಟ್ಟನ್ನು ಬೆರಳಲ್ಲಿ ಮುಟ್ಟಿ ಗುರುತು ಹಿಡಿದುಕೊಂಡಳು.

"ಇಡು ಆ ಪ್ಯಾರಾ. ಅಳಿಸ್ಬೇಡ."

ಇಟ್ಟಿದ್ದೇನೆ. ಮೇಲೆ ಓದಿದಿರಲ್ಲ, ಅದೇ.

6

ಸೋಮವಾರ ಬೆಳಿಗ್ಗೆ ಏಳಕ್ಕೆ ಪ್ಯಾಕಣ್ಣ ವ್ಯಾನಿನ ಬಳಿ ಹೋಗಿ ನಿಂತ. ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಅಕ್ಕ ಗಾಜು ಒರೆಸುತ್ತಿದ್ದಳು, ಮುಂದಿನ ದೊಡ್ಡ ಗಾಜನ್ನು, ಮೂಲೆ ಮೂಲೆ ಬಿಡದೆ.

"ಏನೋ ಇಷ್ಟು ಬೆಳಿಗ್ಗೆ?"

"ಅಕ್ಕಾ, ನಿನ್ನ ಕಣ್ಣು..."

"ನನ್ನ ಕಣ್ಣಿಗೇನು? ನೀನೇ ಸಹಿ ಹಾಕಿದೀಯಲ್ಲ."

ಅವನು ಒಂದು ಉಸಿರು ಬಿಟ್ಟ. ಅಕ್ಕ ಕೇಳಿಸಿಕೊಂಡಳು. "ಹೋಗು, ಅಂಗಡಿ ತೆಗಿ," ಎಂದು ಮೆತ್ತಗೆ ಹೇಳಿ ವ್ಯಾನ್ ಹತ್ತಿದಳು. ಅವನು ಹೋಗಿ ಅಂಗಡಿ ತೆಗೆದ. ಆ ವಾರವೆಲ್ಲ ಶಾಲೆ ಬಿಡುವ ಹೊತ್ತಿಗೆ ಬಾಗಿಲಲ್ಲಿ ನಿಂತು, ವ್ಯಾನು ಬೀದಿ ದಾಟಿ ಹೋಗುವವರೆಗೂ ಕೈಯಲ್ಲಿದ್ದ ಫ್ರೇಮನ್ನು ಒರೆಸಿದ್ದೇ ಒರೆಸಿದ್ದು. ಪೂರ್ತಿ ಐದು ದಿನ ಅವನಿಗೆ ಊಟ ರುಚಿಸಲಿಲ್ಲ. ಶಾಲೆಗೆ ಒಂದು ಚೀಟಿ ಬರೆದರೆ ಮುಗಿಯುತ್ತಿತ್ತು. ಬರೆದ, ಹರಿದ, ಬರೆದ.

(ನನ್ನನ್ನು ನೋಡಿ ನಗಬೇಡಿ. ಅರ್ಧಕ್ಕೆ ಬಿಟ್ಟ ನನ್ನ ಕಥೆಗಳು ಒಂದು ಟ್ರಂಕು ತುಂಬ ಇವೆ. ಅವನಿಗೆ ಹೆಸರಿಟ್ಟಿರುವುದು ಯಾರ ಮುಖ ನೋಡಿಕೊಂಡು ಎಂದು ಕನ್ನಡಿಗೂ ಗೊತ್ತು.)

7

ಹತ್ತನೆಯ ಭಾನುವಾರ. ಚಹಾ ಆಗಿತ್ತು. ಹಂಚುವ ಸರದಿ ಪ್ಯಾಕಣ್ಣನದು. ಎಲ್ಲರಿಗೂ ಎರಡೆರಡು ಹಂಚಿ ನಡುವೆ ಮೂರು ಎಲೆ ಬಿಚ್ಚಿದ. ಕೂಗಲಿಲ್ಲ.

ಮೇಷ್ಟ್ರು ತಲೆ ಎತ್ತಿದರು. "ಏನಯ್ಯಾ, ಗಂಟಲು ಕಟ್ಟಿದೆಯಾ?"

"ಎಲ್ಲರಿಗೂ ಕಾಣ್ತಿದೆಯಲ್ಲ ಮೇಷ್ಟ್ರೇ."

ಮೇಷ್ಟ್ರು ತಾವೇ ಕೂಗಲು ಬಾಯಿ ತೆರೆದರು. ಮೇಡಂ ಮೇಜಿನ ಕೆಳಗೆ ಅವರ ಕಾಲು ತುಳಿದರು. ತಿಂಗಳಿಂದ ಅಕ್ಕ ಮಾತ್ರೆಯ ಪಟ್ಟಿ ಹಿಡಿದುಕೊಂಡು, "ಇದರ ಮೇಲೆ ಏನು ಬರ್ದಿದೆ ಹೇಳಿ, ಕನ್ನಡಕ ಮರೆತು ಬಂದೆ" ಎಂದು ಕೇಳುತ್ತಿದ್ದದ್ದು ಮೇಡಂಗೆ ಗೊತ್ತಿತ್ತು. ಅಕ್ಕನಿಗೆ ಕನ್ನಡಕವೇ ಇಲ್ಲ ಎಂಬುದೂ ಗೊತ್ತಿತ್ತು.

ನಾಲ್ಕನೆಯ ಎಲೆ. ಐದನೆಯ ಎಲೆ. ಕೋಣೆಯಲ್ಲಿ ಸದ್ದಿಲ್ಲ. ತಾನು ಮಾಡುತ್ತಿರುವುದು ಕ್ರೂರ ಕೆಲಸವೆಂದು ಪ್ಯಾಕಣ್ಣನಿಗೆ ಗೊತ್ತಿತ್ತು. ಅಕ್ಕ ತನ್ನ ಎರಡು ಎಲೆಗಳ ಮೇಲೆ ಅಂಗೈ ಊರಿ ಕೂತಿದ್ದಳು. ಮುಖ ಸಣ್ಣದಾಗಿತ್ತು. ಆಮೇಲೆ ಎರಡೂ ಕೈಯಿಂದ ತನ್ನ ಮುಂದಿನ ಗಾಜುಗಳನ್ನೆಲ್ಲ ನಡುವಿಗೆ ತಳ್ಳಿದಳು.

"ಎಲ್ಲ ಇಟ್ಟೆ."

ಮೇಷ್ಟ್ರು ಪ್ಯಾಕ್. ಮೇಡಂ ಪ್ಯಾಕ್. ಪ್ಯಾಕಣ್ಣನ ಕೈಯಲ್ಲಿ ಇಸ್ಪೀಟ್ ಏಳು, ಡೈಮಂಡ್ ಮೂರು. ನಡುವಿನ ಐದರಲ್ಲಿ ಯಾವುದರ ಜೊತೆಗೂ ಕೂಡಿ ಬಾಳದ ಎರಡು ಎಲೆಗಳು. ಅಭ್ಯಾಸಬಲದಿಂದ ಅವನ ಉಸಿರು ಹೊರಬಂತು. ಅಕ್ಕನ ತುಟಿಯಲ್ಲಿ ಸಣ್ಣ ನಗು ಕಾಣಿಸಿತು.

"ನೋಡ್ತೀನಿ," ಎಂದ ಪ್ಯಾಕಣ್ಣ.

ನಗು ಹೋಯಿತು.

"ಏನಂದೆ?"

"ನೋಡ್ತೀನಿ ಅಂದೆ ಅಕ್ಕಾ."

ಅವಳು ಸೊಂಟದಿಂದ ವ್ಯಾನಿನ ಕೀಲಿ ತೆಗೆದಳು. ಗಾಜುಗಳ ರಾಶಿ ಎಲ್ಲಿದೆಯೆಂದು ಬೆರಳಲ್ಲಿ ತಡವಿ, ಅದರ ಮೇಲಿಟ್ಟಳು.

"ಇದೂ ಇರ್ಲಿ ಹಾಗಾದ್ರೆ. ನೀನು ಗೆದ್ರೆ ತಗೋ. ನಾನು ಗೆದ್ರೆ ಆ ವಿಷ್ಯ ನೀನು ಇನ್ನು ಬಾಯಿಬಿಡಬಾರದು. ಯಾವತ್ತೂ."

"ಕೀಲಿ ಇಡೋದು ನಿಯಮದಲ್ಲಿ..." ಎಂದರು ಮೇಷ್ಟ್ರು.

"ಸುಮ್ನಿರಿ ಮೇಷ್ಟ್ರೇ," ಎಂದರು ಮೇಡಂ.

"ನೋಡ್ತೀನಿ," ಎಂದ ಪ್ಯಾಕಣ್ಣ ಮತ್ತೆ, ಈ ಸಲ ದನಿ ಒಡೆಯಿತು. ಅಕ್ಕ ಎಲೆಗಳನ್ನು ಮೇಲ್ಮುಖವಾಗಿ ಎಸೆದಳು. "ನೀವೇ ನೋಡ್ಕೊಳ್ಳಿ" ಎನ್ನಲಿಲ್ಲ.

ಆಠೀನ್ ರಾಣಿ, ಕಳಾವರ್ ಆರು. ನಡುವಿನ ಐದರಲ್ಲಿ ಒಂದು ರಾಣಿಯಿತ್ತು. ಅಕ್ಕನಿಗೆ ರಾಣಿಯರ ಜೋಡಿ. ಪ್ಯಾಕಣ್ಣನಿಗೆ ಏನೂ ಇಲ್ಲ. ಅಕ್ಕ ಗೆದ್ದಿದ್ದಳು, ಅವಳೊಬ್ಬಳಿಗೆ ಅದು ಗೊತ್ತಿರಲಿಲ್ಲ.

ಮುಗಿತಾಯ: ಒಂದು

ಪ್ಯಾಕಣ್ಣ ಇದ್ದದ್ದು ಇದ್ದಂತೆ ಹೇಳುತ್ತಾನೆ. ಅಕ್ಕ ಕೀಲಿ ಎತ್ತಿಕೊಳ್ಳುತ್ತಾಳೆ. ಸೋಮವಾರ ಏಳೂ ಹತ್ತಕ್ಕೆ ವ್ಯಾನು ಹೊರಡುತ್ತದೆ, ಮೊದಲ ತಿರುವಿನಲ್ಲಿ, ಬೇಕರಿಯ ಮುಂದೆ, ನೀರಿನ ಬಾಟಲಿ ಕೆಳಗೆ ಬಿತ್ತೆಂದು ಎತ್ತಿಕೊಳ್ಳಲು ಬಗ್ಗಿದ ಒಂದು ಮಗು...

ಇದನ್ನು ನಾನು ಬರೆಯುವುದಿಲ್ಲ. ನನ್ನಿಂದಾಗದು.

ಮುಗಿತಾಯ: ಎರಡು

ಎಲೆಗಳನ್ನೇ ಬದಲಾಯಿಸಿದೆ. ಪ್ಯಾಕಣ್ಣನಿಗೆ ಎರಡು ಎಕ್ಕ ಕೊಟ್ಟೆ. ಆಟವೂ ಶುದ್ಧ, ಮಕ್ಕಳೂ ಕ್ಷೇಮ, ನನ್ನ ಕೈಯೂ ಚೊಕ್ಕ. ಪ್ಯಾಕಣ್ಣ ಎಲೆಗಳನ್ನು ನನ್ನತ್ತ ವಾಪಸ್ ತಳ್ಳಿದ.

"ಬೇಡ ಸಾರ್. ಹನ್ನೊಂದು ವರ್ಷ ಬರದಿದ್ದ ಎಲೆ ಇವತ್ತೇ ಬಂತು ಅಂದ್ರೆ ಓದೋರು ಉಗೀತಾರೆ. ಏಳು, ಮೂರೇ ಇರ್ಲಿ. ನಾನು ನೋಡ್ಕೋತೀನಿ."

ಮುಂದಿನದನ್ನು ನಾನು ಬರೆಯಲಿಲ್ಲ. ಅವನೇ ಹೇಳಿದ.

8

"ನಿಂಗೆ ರಾಣಿ ಜೋಡಿ ಅಕ್ಕಾ," ಎಂದ ಪ್ಯಾಕಣ್ಣ. "ನಂಗೆ ಎರಡು ಜೋಡಿ. ಗುಲಾಮ, ಒಂಬತ್ತು. ನಾನು ಗೆದ್ದೆ."

ಅವನ ಬದುಕಿನ ಮೊದಲ ಸುಳ್ಳು ಆಟ. ಇಸ್ಪೀಟ್ ಏಳು ಮತ್ತು ಡೈಮಂಡ್ ಮೂರು ಎಲ್ಲರೆದುರು ಅಂಗಾತ ಬಿದ್ದಿದ್ದವು. ಈ ಸಲ ಅವನು ಉಸಿರು ಬಿಡಲಿಲ್ಲ. ಎದೆಯಲ್ಲಿ ಕಟ್ಟಿ ಹಿಡಿದಿದ್ದ. ಮೇಷ್ಟ್ರ ಕೊರಳಿನಲ್ಲಿ ಸರಪಳಿ ಕಿಣಿ ಎಂದಿತು. ಮೇಡಂ ಬಿಸ್ಕತ್ ಅಗಿಯುವುದನ್ನು ನಿಲ್ಲಿಸಿದರು.

ಅಕ್ಕ ಮೇಷ್ಟ್ರ ಕಡೆ ಕಿವಿಯಾದಳು. ಮೇಡಂ ಕಡೆ ಕಿವಿಯಾದಳು. ಕೊನೆಗೆ ತಮ್ಮನ ಕಡೆ.

"ಎರಡು ಜೋಡಿ."

"ಹೂಂ."

"ನಿಂಗೆ."

"ಹೂಂ ಅಕ್ಕಾ."

ಅವಳು ಕೈ ಚಾಚಿ ರಾಶಿಯ ಮೇಲಿದ್ದ ಕೀಲಿಯನ್ನು ಮುಟ್ಟಿದಳು. ಬೆರಳು ಅಲ್ಲೇ ಸ್ವಲ್ಪ ಹೊತ್ತು ನಿಂತಿತು, ಇಪ್ಪತ್ತೆರಡು ವರ್ಷದ ಮೇಲೆ ಇನ್ನೂ ಒಂದು ನಿಮಿಷ. ಆಮೇಲೆ ತಮ್ಮನ ಕಡೆಗೆ ತಳ್ಳಿದಳು.

"ಇವತ್ತು ಲೋಟದ ಕೆಲಸ ನಂದು ಅನ್ಸುತ್ತೆ."

ಯಾರೂ ಬೇಡ ಎನ್ನಲಿಲ್ಲ. ಅವಳು ನಲ್ಲಿಯ ಬಳಿ ನಿಂತು ನಾಲ್ಕು ಲೋಟಗಳನ್ನೂ ತೊಳೆದಳು, ಪ್ರತಿಯೊಂದರ ಅಂಚನ್ನೂ ಹೆಬ್ಬೆರಳಿನಿಂದ ಸುತ್ತು ಬಂದು. ಪ್ಯಾಕಣ್ಣ ಎದ್ದು ಹೋಗಲಿಲ್ಲ, ಕೂತಲ್ಲೇ ಅಳುತ್ತಿದ್ದ, ಸದ್ದಾಗದಂತೆ ಅಳಲು ನೋಡುತ್ತಿದ್ದ. ಆ ಕೋಣೆಯಲ್ಲಿ ಅವಳಿಂದ ಸದ್ದು ಮುಚ್ಚಿಡುವುದು ಎಷ್ಟು ಸಾಧ್ಯವೋ ಅಷ್ಟು.

ಕೈ ಒರೆಸಿಕೊಂಡು ಬಾಗಿಲ ತನಕ ಹೋದವಳು ನಿಂತಳು.

"ಲೋ."

"ಏನಕ್ಕಾ?"

"ಮುಂದಿನ ವಾರ ಎಲೆ ಬಿಚ್ಚೋವಾಗ ಕೂಗು. ಹಾಗೆ ಸುಮ್ನೆ ಬಿಚ್ಬೇಡ. ಭಯ ಆಗುತ್ತೆ ನಂಗೆ."

9

ಇಲ್ಲಿಗೇ ಬಿಡಬಹುದಿತ್ತು. ಆದರೆ ಸೋಮವಾರವೊಂದಿದೆಯಲ್ಲ. ಹದಿನಾಲ್ಕು ಮನೆಯ ಮುಂದೆ ಹದಿನಾಲ್ಕು ಮಕ್ಕಳು ಬ್ಯಾಗು ಹೊತ್ತು ನಿಂತಿರುತ್ತಾರೆ.

ಒಂದು ಚೆಂದದ ಸೋಮವಾರ ಬರೆದಿಟ್ಟುಕೊಂಡಿದ್ದೇನೆ. ಅದರಲ್ಲಿ ಪ್ಯಾಕಣ್ಣ ವ್ಯಾನ್ ಓಡಿಸುತ್ತಾನೆ, ಸೈಕಲ್ಲಿನವರೂ ಗಂಟೆ ಬಾರಿಸಿ ಮುಂದೆ ಹೋಗುವಷ್ಟು ವೇಗದಲ್ಲಿ. ಪಕ್ಕದಲ್ಲಿ ಅಕ್ಕ ಕೂತು, ರಸ್ತೆ ನೋಡದೆಯೇ, "ಈಗ ಎಡಕ್ಕೆ! ಹಳದಿ ಗೇಟು! ಇಲ್ಲಿ ಇಬ್ಬರು ಹತ್ತಬೇಕು!" ಎಂದು ಒಂದೊಂದನ್ನೇ ಕೂಗುತ್ತಾಳೆ. ಓದಿದರೆ ಕಣ್ಣು ತುಂಬಿ ಬರುತ್ತದೆ. ಅದಕ್ಕೇ ನನಗೆ ಅದರ ಮೇಲೆ ನಂಬಿಕೆಯಿಲ್ಲ. ಅಲ್ಲದೆ ಪ್ಯಾಕಣ್ಣನಿಗೆ ಅಂಥ ವ್ಯಾನು ಓಡಿಸುವ ಲೈಸೆನ್ಸ್ ಇದೆಯೋ ಇಲ್ಲವೋ ನಾನು ವಿಚಾರಿಸಿಲ್ಲ.

ಇನ್ನೊಂದು ಸೋಮವಾರವೂ ಇದೆ. ಅದರಲ್ಲಿ ಅಕ್ಕನ ಬಳಿ ಎರಡನೆಯ ಕೀಲಿ ಇರುತ್ತದೆ. ಅದನ್ನು ಟ್ರಂಕಿನ ತಳಕ್ಕೆ ಹಾಕಿದ್ದೇನೆ.

ಅವಳಿಗೆ ಗೊತ್ತಾಗಿತ್ತೇ? ನೀವು ಕೇಳುತ್ತೀರಿ, ಕೇಳಲೇಬೇಕು. ಸರಪಳಿಯ ಸದ್ದು ಕೇಳಿಸಿಕೊಂಡವಳು, ಅಗಿಯುವುದು ನಿಂತದ್ದನ್ನು ಕೇಳಿಸಿಕೊಂಡವಳು, ಗೊತ್ತಿದ್ದೂ ಕೀಲಿ ತಳ್ಳಿದಳೇ? ಹಾಗಿದ್ದರೆ ಆ ದಿನದ ದೊಡ್ಡ ಸುಳ್ಳು ಆಟ ಆಡಿದವರು ಯಾರು? ಅವಳನ್ನೇ ಹೋಗಿ ಕೇಳಿದೆ. ಅವಳು ನಕ್ಕು, "ನೀನೇ ಬರೀತಿರೋನು, ನನ್ನನ್ನ ಕೇಳ್ತೀಯಲ್ಲೋ" ಎಂದಳು.

ಒಂದು ಮಾತು ಮಾತ್ರ ಹೇಳಿಬಿಡುತ್ತೇನೆ. ಆ ಮೇಜಿನ ಎಲೆಗಳನ್ನು ನೀವೂ ಕಂಡವರಲ್ಲ. ಇಸ್ಪೀಟ್ ಏಳು ಎಂದೆ, ನಂಬಿದಿರಿ. ಆಠೀನ್ ರಾಣಿ ಎಂದೆ, ನಂಬಿದಿರಿ. ನಾನು ಕೂಗಿದ್ದಷ್ಟೇ ನಿಮಗೆ ಗೊತ್ತು, ಅಕ್ಕನ ಪಕ್ಕದ ಕುರ್ಚಿಯಲ್ಲೇ ನೀವೂ ಕೂತಿದ್ದೀರಿ. ಟೋಪಿಯ ಬೊಂಬೆಗೆ ಸೋತವನ ಮಾತನ್ನು ಎಷ್ಟು ನಂಬಬೇಕೆನ್ನುವುದು ನಿಮಗೆ ಬಿಟ್ಟದ್ದು.

ಈಗ ಸೋಮವಾರ, ಏಳೂ ಹತ್ತು. ಕೀಲಿ ಪ್ಯಾಕಣ್ಣನ ಜೇಬಿನಲ್ಲಿದೆ. ಅಕ್ಕ ತನ್ನ ಮನೆಯ ಬಾಗಿಲಲ್ಲಿ ತಲೆ ಓರೆ ಮಾಡಿ ನಿಂತಿದ್ದಾಳೆ. ಬೀದಿಯ ಕಡೆಗಲ್ಲ, ನನ್ನ ಕಡೆಗೆ. "ಮುಂದಿನ ಎಲೆ ಯಾವುದೋ? ಕೂಗೋ," ಎನ್ನುತ್ತಾಳೆ.

ನಾನು ಉಸಿರು ಬಿಡದೆ ಕೂತಿದ್ದೇನೆ. ಬಿಟ್ಟರೆ ಅವಳಿಗೆ ಕೇಳಿಸಿಬಿಡುತ್ತದೆ.